ನಿಸಾನ್ ಯಾವ ಕಾರು ಮಾಡಿದರೆ ಉಳಿದೀತು?

ದೊಡ್ಡ ಕಾರು ಕಂಪನಿಯೊಂದು ನಷ್ಟಕ್ಕೆ ಬಿದ್ದಿದೆ ಎಂಬ ಸುದ್ದಿ ಬಂದರೆ ಸಾಕು, ಅದಕ್ಕೆ ಮದ್ದು ಹೇಳುವವರಿಗೆ ಕೊರತೆಯಿಲ್ಲ. ಎಲೆಕ್ಟ್ರಿಕ್ ಕಾರು ಮಾಡಲಿ ಎನ್ನುತ್ತಾರೆ ಕೆಲವರು. ಎಲ್ಲರಿಗಿಂತ ಅಗ್ಗದ್ದು ಮಾಡಲಿ ಎನ್ನುತ್ತಾರೆ ಇನ್ನು ಕೆಲವರು. ಹೆಸರಾಂತ ಸ್ಪೋರ್ಟ್ಸ್ ಕಾರೊಂದನ್ನು ಮತ್ತೆ ತಂದರೆ ಜನ ತಾವಾಗಿಯೇ ಶೋರೂಮಿಗೆ ಬರುತ್ತಾರೆ ಎನ್ನುವವರೂ ಇದ್ದಾರೆ. ಜಪಾನಿನ ನಿಸಾನ್ ಬಗ್ಗೆ ಈಗ ಈ ಮೂರೂ ಮಾತು ಕೇಳಿಬರುತ್ತಿವೆ. ಆದರೆ ಈ ಮೂರನ್ನೂ ನಿಸಾನ್ ಈಗಾಗಲೇ ಮಾಡಿ ನೋಡಿದೆ.

2025ರ ಮಾರ್ಚ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ಕಂಪನಿ ತೋರಿಸಿದ ನಿವ್ವಳ ನಷ್ಟ 67 ಸಾವಿರ ಕೋಟಿ ಯೆನ್ ದಾಟಿತು. ಹೋಂಡಾ ಜೊತೆ ಒಂದಾಗುವ ಮಾತುಕತೆ 2024ರ ಡಿಸೆಂಬರಿನಲ್ಲಿ ಪ್ರಕಟವಾಗಿ 2025ರ ಫೆಬ್ರುವರಿಯಲ್ಲೇ ಮುರಿದುಬಿತ್ತು. ಏಪ್ರಿಲ್‌ನಲ್ಲಿ ಸಿಇಒ ಮಕೊಟೊ ಉಚಿದಾ ಅವರ ಜಾಗಕ್ಕೆ ಇವಾನ್ ಎಸ್ಪಿನೋಸಾ ಬಂದರು. ಮೇ ತಿಂಗಳಲ್ಲಿ ಹೊರಬಿದ್ದ ಯೋಜನೆಯ ಪ್ರಕಾರ 20,000 ಉದ್ಯೋಗಗಳು ಹೋಗುತ್ತವೆ, 17 ಕಾರ್ಖಾನೆಗಳಲ್ಲಿ 10 ಮಾತ್ರ ಉಳಿಯುತ್ತವೆ. ಯೊಕೊಸುಕಾದಲ್ಲಿ 1961ರಿಂದ ನಡೆದುಬಂದ ಒಪ್ಪಾಮಾ ಕಾರ್ಖಾನೆಯಲ್ಲೂ ಕಾರು ತಯಾರಿಕೆ ನಿಲ್ಲಲಿದೆ. ಇಷ್ಟು ಮನೆಗಳ ಅನ್ನದ ಪ್ರಶ್ನೆ ಇದು. ಹಾಗಾಗಿ ಆ ಮೂರು ಮದ್ದುಗಳನ್ನು ಒಂದೊಂದಾಗಿ ಪರೀಕ್ಷಿಸಿಯೇ ಮುಂದೆ ಹೋಗಬೇಕು.

ತಪ್ಪು ಕಲ್ಪನೆ: ಎಲೆಕ್ಟ್ರಿಕ್ ಕಾರಿನತ್ತ ತಿರುಗದೆ ನಿಸಾನ್ ಕೆಟ್ಟಿತು

ಎಲೆಕ್ಟ್ರಿಕ್ ಕಾರಿನತ್ತ ಎಲ್ಲರಿಗಿಂತ ಮೊದಲು ತಿರುಗಿದ ದೊಡ್ಡ ಕಂಪನಿಗಳಲ್ಲಿ ನಿಸಾನ್ ಒಂದು. ಅದರ ಲೀಫ್ ಗ್ರಾಹಕರ ಕೈ ಸೇರಿದ್ದು 2010ರ ಡಿಸೆಂಬರಿನಲ್ಲಿ. ಟೆಸ್ಲಾದ ಮಾಡೆಲ್ ಎಸ್ ಬಂದದ್ದು 2012ರಲ್ಲಿ. 2011ರ ಯುರೋಪಿನ ವರ್ಷದ ಕಾರು ಪ್ರಶಸ್ತಿ ಲೀಫ್‌ಗೆ ಬಂತು. 2020ರ ಆರಂಭದಲ್ಲಿ ಟೆಸ್ಲಾದ ಮಾಡೆಲ್ 3 ಹಿಂದಿಕ್ಕುವವರೆಗೂ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎಲೆಕ್ಟ್ರಿಕ್ ಕಾರು ಅದೇ ಆಗಿತ್ತು.

ಹಾಗಾದರೆ ಸೋತದ್ದೆಲ್ಲಿ? ಮೊದಲು ಹೋದವನು ಅಲ್ಲೇ ನಿಂತುಬಿಟ್ಟ. ಲೀಫ್‌ನ ಬ್ಯಾಟರಿಗೆ ದ್ರವದಿಂದ ತಂಪಾಗುವ ವ್ಯವಸ್ಥೆ ಇರಲಿಲ್ಲ. ಅಮೆರಿಕದ ಅರಿಜೋನಾದಂಥ ಬಿಸಿಲು ಸೀಮೆಯಲ್ಲಿ ಬ್ಯಾಟರಿಯ ಶಕ್ತಿ ಬೇಗ ಕುಂದುತ್ತಿದೆ ಎಂಬ ದೂರುಗಳು 2012ರಲ್ಲೇ ಬಂದವು. 2017ರಲ್ಲಿ ಬಂದ ಎರಡನೇ ಪೀಳಿಗೆಯ ಲೀಫ್‌ನಲ್ಲೂ ಅದೇ ಪದ್ಧತಿ ಮುಂದುವರಿಯಿತು. ವೇಗದ ಚಾರ್ಜಿಂಗ್‌ಗೆ ಅದು ಬಳಸುತ್ತಿದ್ದ ಜಪಾನಿನ ಪ್ಲಗ್ಗನ್ನು ಅಮೆರಿಕವೂ ಯುರೋಪೂ ಕೈಬಿಡುತ್ತ ಬಂದರೂ ಕಾರು ಬದಲಾಗಲಿಲ್ಲ. ಜಗತ್ತಿಗೆಲ್ಲ ಮಾರುವ ಇನ್ನೊಂದು ಎಲೆಕ್ಟ್ರಿಕ್ ಕಾರು, ಅರಿಯಾ, ಜಪಾನಿನ ರಸ್ತೆಗಿಳಿಯಲು 2022 ಬೇಕಾಯಿತು. ದ್ರವದಿಂದ ತಂಪಾಗುವ ಬ್ಯಾಟರಿ ಲೀಫ್‌ಗೆ ದಕ್ಕಿದ್ದು 2025ರ ಮೂರನೇ ಪೀಳಿಗೆಯಲ್ಲಿ. ಹದಿನೈದು ವರ್ಷದಲ್ಲಿ ಮುನ್ನಡೆ ಹೀಗೆ ಕರಗಿಹೋಯಿತು. ಮೊದಲಿಗನಾಗುವುದು ಸಾಲದು ಎಂಬುದಕ್ಕೆ ಬೆಂಗಳೂರಿನದೇ ಸಾಕ್ಷಿಯೂ ಇದೆ. 2001ರಲ್ಲಿ ಇಲ್ಲಿ ಹುಟ್ಟಿ ಲಂಡನ್ನಿನ ಬೀದಿಗಳವರೆಗೂ ಹೋದ ಎಲೆಕ್ಟ್ರಿಕ್ ಕಾರು ರೇವಾ 2010ರಲ್ಲಿ ಮಹೀಂದ್ರಾ ತೆಕ್ಕೆಗೆ ಸೇರಬೇಕಾಯಿತು.

ಇನ್ನೊಂದು ಪೆಟ್ಟು ಬೇರೆ ದಿಕ್ಕಿನಿಂದ ಬಂತು. 2024ರಲ್ಲಿ ಅಮೆರಿಕದ ಜನ ಹೈಬ್ರಿಡ್ ಕಾರುಗಳಿಗೆ ಮುಗಿಬಿದ್ದರು. ಟೊಯೊಟಾ, ಹೋಂಡಾ ಶೋರೂಮುಗಳಲ್ಲಿ ಅವು ಸಿದ್ಧವಾಗಿದ್ದವು. ನಿಸಾನ್ ಬಳಿ ಅಲ್ಲಿ ಮಾರಲು ಒಂದೂ ಹೈಬ್ರಿಡ್ ಇರಲಿಲ್ಲ. ತಂತ್ರಜ್ಞಾನ ಇಲ್ಲದ್ದಕ್ಕಲ್ಲ. ಇ-ಪವರ್ ಎಂಬ ಸ್ವಂತ ಹೈಬ್ರಿಡ್ ಪದ್ಧತಿಯನ್ನು ಅದು ಜಪಾನಿನ ನೋಟ್ ಕಾರಿಗೆ 2016ರಲ್ಲೇ ಹಾಕಿತ್ತು. ಅದರಲ್ಲಿ ಪೆಟ್ರೋಲ್ ಎಂಜಿನ್ ಚಕ್ರ ತಿರುಗಿಸುವುದಿಲ್ಲ, ವಿದ್ಯುತ್ ಉತ್ಪಾದಿಸುವುದಷ್ಟೇ ಅದರ ಕೆಲಸ. ಚಕ್ರ ತಿರುಗಿಸುವುದು ಮೋಟಾರು. ನಿಂತು ನಿಂತು ಸಾಗುವ ಊರೊಳಗಿನ ಸಂಚಾರಕ್ಕೆ ಇದು ಹೇಳಿ ಮಾಡಿಸಿದಂತಿದ್ದು, ನೋಟ್ ಜಪಾನಿನಲ್ಲಿ ಚೆನ್ನಾಗಿ ಮಾರಾಟವಾಯಿತು. ಆದರೆ ಹೆದ್ದಾರಿಯ ಒಂದೇ ವೇಗದ ಓಟದಲ್ಲಿ ಎಂಜಿನ್‌ನಿಂದ ವಿದ್ಯುತ್ತಿಗೆ, ವಿದ್ಯುತ್ತಿನಿಂದ ಚಕ್ರಕ್ಕೆ ಎಂಬ ಎರಡು ಹಂತದಲ್ಲೂ ಶಕ್ತಿ ಸೋರಿ, ಇಂಧನದ ಉಳಿತಾಯ ಅಷ್ಟಾಗಿ ಕಾಣುವುದಿಲ್ಲ. ಉದ್ದುದ್ದ ಹೆದ್ದಾರಿಗಳ ಅಮೆರಿಕಕ್ಕೆ ತಕ್ಕಂತೆ ಅದನ್ನು ತಿದ್ದುವ ಕೆಲಸ ಬೇಗ ಆಗಬೇಕಿತ್ತು, ಆಗಲಿಲ್ಲ. ಹೈಬ್ರಿಡ್ ಎಂದರೆ ನಾಲ್ಕು ದಿನದ ಮಾತು ಎಂದುಕೊಂಡವರು, ಬಿಡದಿಯಲ್ಲಿ ತಯಾರಾಗುವ ಟೊಯೊಟಾದ ಇನೋವಾ ಹೈಕ್ರಾಸ್‌ಗಾಗಿ ಹಣ ಕಟ್ಟಿ ತಿಂಗಳುಗಟ್ಟಲೆ ಕಾದ ನಮ್ಮವರನ್ನೊಮ್ಮೆ ಕೇಳಿ ನೋಡಬಹುದು.

ತಪ್ಪು ಕಲ್ಪನೆ: ಎಲ್ಲರಿಗಿಂತ ಅಗ್ಗದ ಕಾರು ಕೊಟ್ಟರೆ ಕಂಪನಿ ಎದ್ದು ನಿಲ್ಲುತ್ತದೆ

ಇದು ನಮ್ಮ ನೆಲದಲ್ಲೇ ಪರೀಕ್ಷೆಗೆ ಒಳಗಾದ ನಂಬಿಕೆ. ನಿಸಾನ್ ತನ್ನ ಹಳೆಯ ಹೆಸರು ಡಾಟ್ಸನ್‌ಗೆ ಮರುಜೀವ ಕೊಟ್ಟು, 2014ರಲ್ಲಿ ಗೋ ಎಂಬ ಕಾರನ್ನು ಮೂರು ಲಕ್ಷ ಚಿಲ್ಲರೆ ರೂಪಾಯಿಗೆ ಭಾರತದಲ್ಲಿ ಮಾರಾಟಕ್ಕಿಟ್ಟಿತು. ಅದೇ ವರ್ಷ ಗ್ಲೋಬಲ್ ಎನ್‌ಸಿಎಪಿ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಅದಕ್ಕೆ ಒಂದು ನಕ್ಷತ್ರವೂ ಸಿಗಲಿಲ್ಲ. 2022ರಲ್ಲಿ ಡಾಟ್ಸನ್ ಹೆಸರು ಮತ್ತೆ ಕಣ್ಮರೆಯಾಯಿತು. ಅದಕ್ಕೂ ಮೊದಲು ಟಾಟಾ ನ್ಯಾನೋ ಕಥೆಯನ್ನು ನಾವೆಲ್ಲ ಕಂಡಿದ್ದೆವು. ಅತಿ ಅಗ್ಗದ ಕಾರು ಎಂಬ ಹಣೆಪಟ್ಟಿಯೇ ಅದಕ್ಕೆ ಮುಳುವಾಯಿತೆಂದು ರತನ್ ಟಾಟಾ ಅವರೇ ಒಪ್ಪಿಕೊಂಡಿದ್ದರು. ಟೊಯೊಟಾದಂಥ ಗಟ್ಟಿಗನೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಭಾರತಕ್ಕೆಂದೇ ರೂಪಿಸಿ 2010ರ ಕೊನೆಗೆ ಬಿಡದಿಯಿಂದ ತಂದ ಎಟಿಯೋಸ್ ಟ್ಯಾಕ್ಸಿಯವರ ನೆಚ್ಚಿನ ಗಾಡಿಯಾಯಿತೇ ಹೊರತು ಮನೆಯವರ ಮನಸ್ಸು ಗೆಲ್ಲಲಿಲ್ಲ. 2020ಕ್ಕೆ ಅದೂ ನಿಂತಿತು.

ಇದರ ಲೆಕ್ಕ ಕಷ್ಟದ್ದೇನಲ್ಲ. ಉಕ್ಕು, ಟೈರು, ಗಾಜಿಗೆ ಅಗ್ಗದ ಕಾರಿನವರೂ ಮಾರುಕಟ್ಟೆ ದರವನ್ನೇ ಕೊಡಬೇಕು. ಒಂದೊಂದು ಕಾರಿನಲ್ಲಿ ಉಳಿಯುವುದು ಅಲ್ಪ. ಆ ಅಲ್ಪವೇ ಕೂಡಿ ದೊಡ್ಡದಾಗಬೇಕಾದರೆ ಲಕ್ಷಗಟ್ಟಲೆ ಕಾರು ಹೋಗಬೇಕು. ಅದಕ್ಕೆ ತಾಲ್ಲೂಕು ಕೇಂದ್ರಗಳಲ್ಲೂ ಸರ್ವಿಸ್ ಸ್ಟೇಷನ್ ಬೇಕು, ಬಿಡಿಭಾಗ ಕೈಗೆ ಸಿಗಬೇಕು, ನಾಳೆ ಮಾರಿದರೆ ಒಳ್ಳೆಯ ಬೆಲೆ ಬರುತ್ತದೆಂಬ ಧೈರ್ಯ ಕೊಳ್ಳುವವರಿಗೆ ಇರಬೇಕು. ಇವೆಲ್ಲ ಇದ್ದುದರಿಂದಲೇ ಮಾರುತಿಗೆ ಸಣ್ಣ ಕಾರು ಲಾಭ ತಂದಿತು. ಅಗ್ಗದ ಕಾರು ಬಲವುಳ್ಳವನ ಆಟ. ಕೈಯಲ್ಲಿ ಕಾಸಿಲ್ಲದ, ಡೀಲರುಗಳು ಒಬ್ಬೊಬ್ಬರಾಗಿ ಬಿಟ್ಟುಹೋಗುತ್ತಿರುವ ಕಂಪನಿ ಅದಕ್ಕೆ ಕೈಹಾಕಿದರೆ ಇರುವ ಉಸಿರೂ ಹೋಗುತ್ತದೆ.

ಭಾರತದಲ್ಲಿ ನಿಸಾನ್ ಬಾಗಿಲು ಮುಚ್ಚದಂತೆ ಕಾಪಾಡಿದ ಮ್ಯಾಗ್ನೈಟ್ ಕೂಡ ಕಡಿಮೆ ಬೆಲೆಯದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ, 2020ರ ಡಿಸೆಂಬರಿನಲ್ಲಿ ಅದರ ಆರಂಭಿಕ ಬೆಲೆ ಐದು ಲಕ್ಷದೊಳಗೇ ಇತ್ತು. ಆದರೆ ಅದು ಬಡವರ ಕಾರು ಎಂದು ಹೇಳಿಕೊಂಡು ಬರಲಿಲ್ಲ. ಎತ್ತರದ ನಿಲುವು, ಟರ್ಬೊ ಎಂಜಿನ್, ಕಣ್ಣಿಗೆ ತುಂಬುವ ರೂಪ ಹೊತ್ತು ಬಂತು. ಬುನಾದಿಯನ್ನು (ಪ್ಲಾಟ್‌ಫಾರ್ಮ್) ಪಾಲುದಾರ ಕಂಪನಿ ರೆನೋ ಜೊತೆ ಹಂಚಿಕೊಂಡದ್ದರಿಂದ ಖರ್ಚು ಹಿಡಿತದಲ್ಲಿತ್ತು, ಚೆನ್ನೈ ಬಳಿಯ ಒರಗಡಂ ಕಾರ್ಖಾನೆಯಿಂದ ಹೊರದೇಶಗಳಿಗೂ ಹೋಯಿತು. ಕೊಟ್ಟ ಹಣಕ್ಕಿಂತ ಒಂದು ಮೆಟ್ಟಿಲು ಮೇಲಿನ ಕಾರು ಸಿಕ್ಕಿತು ಎಂಬ ಸಂತೋಷ ಕೊಳ್ಳುವವರಿಗೆ ಇತ್ತು. ಡಾಟ್ಸನ್ ಕೊಡಲಾಗದೇ ಹೋದದ್ದು ಅದನ್ನೇ.

ತಪ್ಪು ಕಲ್ಪನೆ: ಸ್ಪೋರ್ಟ್ಸ್ ಕಾರಿನ ಹೆಸರು ಉಳಿದದ್ದನ್ನೆಲ್ಲ ಎಳೆದುಕೊಂಡು ಹೋಗುತ್ತದೆ

ನಿಸಾನ್‌ನ ಜಿಟಿ-ಆರ್ ಎಂದರೆ ಕಾರುಪ್ರಿಯರಿಗೆ ರೋಮಾಂಚನ. 2007ರಲ್ಲಿ ಬಂದ ಆರ್35 ಮಾದರಿ 2025ರ ಆಗಸ್ಟ್‌ವರೆಗೆ ತಯಾರಾಯಿತು. ಈ 18 ವರ್ಷದಲ್ಲಿ ಹೊರಬಂದದ್ದು ಒಟ್ಟು 48,000ದಷ್ಟು. ಅದನ್ನು ಕಟ್ಟಿದವರ ಕೌಶಲಕ್ಕೆ ನನ್ನ ಪೂರ್ಣ ಗೌರವವಿದೆ, ಆದರೆ ಅದನ್ನು ನೋಡಿ ಮರುಳಾದವರು ಪಕ್ಕದಲ್ಲಿ ನಿಂತ ಹಳೆಯ ಸೆಡಾನ್ ಕೊಂಡು ಮನೆಗೆ ಹೋಗಲಿಲ್ಲ.

ನಿಸಾನ್‌ನ ಇತಿಹಾಸದಲ್ಲಿ ನಿಜವಾಗಿ ಕೈಹಿಡಿದ ಕಾರು ಬೇರೆಯೇ ಇದೆ. ನನ್ನ ಮಟ್ಟಿಗೆ ಈ ಇಡೀ ಚರ್ಚೆಗೆ ಅದೇ ಮುಖ್ಯ ಪಾಠ. ಈ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ನಿಸಾನ್‌ನ ಅಲ್ಮೇರಾ, ಪ್ರೈಮೆರಾ ಕಾರುಗಳನ್ನು ಕೇಳುವವರಿರಲಿಲ್ಲ. ಫೋಕ್ಸ್‌ವ್ಯಾಗನ್ ಗಾಲ್ಫ್, ಫೋರ್ಡ್ ಫೋಕಸ್ ಎದುರು ಅವು ನಿಲ್ಲಲಾರದಾಗಿದ್ದವು. ಅಲ್ಮೇರಾವನ್ನೇ ಇನ್ನಷ್ಟು ಚೆಂದ ಮಾಡಿ ಮತ್ತೆ ಗಾಲ್ಫ್ ಎದುರು ನಿಲ್ಲಿಸಬಹುದಿತ್ತು. ಹೆಚ್ಚಿನವರು ಅದನ್ನೇ ಮಾಡುತ್ತಾರೆ, ಮತ್ತೆ ಸೋಲುತ್ತಾರೆ. ನಿಸಾನ್ ಆ ಕಣವನ್ನೇ ಬಿಟ್ಟು ಹೊರಬಂದು, ಸಾಮಾನ್ಯ ಕಾರಿನ ಅಳತೆ, ಖರ್ಚುಗಳೊಳಗೇ ಎಸ್‌ಯುವಿಯ ಎತ್ತರ ಕೊಡುವ ಗಾಡಿಯೊಂದನ್ನು ರೂಪಿಸಿತು. ಅದೇ ಕ್ಯಾಶ್ಕಾಯ್. ವಿನ್ಯಾಸ ಲಂಡನ್ನಿನದು, ಬುನಾದಿ ರೆನೋ ಜೊತೆ ಹಂಚಿಕೊಂಡದ್ದು, ತಯಾರಿಕೆ ಇಂಗ್ಲೆಂಡಿನ ಸಂಡರ್‌ಲ್ಯಾಂಡಿನಲ್ಲಿ ಮೊದಲೇ ಇದ್ದ ಕಾರ್ಖಾನೆಯಲ್ಲಿ. 2007ರಲ್ಲಿ ಮಾರಾಟ ಶುರುವಾಯಿತು. ಎಂಟು ವರ್ಷ ತುಂಬುವ ಮೊದಲೇ ಆ ಒಂದು ಕಾರ್ಖಾನೆಯಿಂದ 20 ಲಕ್ಷ ಕ್ಯಾಶ್ಕಾಯ್ ಹೊರಬಂದವು. ಕ್ರಾಸ್‌ಓವರ್ ಎಂದು ಇಂದು ಎಲ್ಲರೂ ಮಾರುವ ಗಾಡಿಗೆ ಯುರೋಪಿನಲ್ಲಿ ಹಾದಿ ಮಾಡಿದ್ದು ಅದು.

ಅಮೆರಿಕದ ಕ್ರೈಸ್ಲರ್ ಕೂಡ ಹೀಗೆಯೇ ಬದುಕಿತು. ದಿವಾಳಿಯ ಅಂಚಿನಲ್ಲಿ ಸರ್ಕಾರದ ಸಾಲ ಖಾತರಿ ಪಡೆದು, ತನ್ನ ಸಣ್ಣ ಕೆ-ಕಾರುಗಳ ತಂತ್ರವನ್ನೇ ಹಿಗ್ಗಿಸಿ 1983ರ ಕೊನೆಗೆ ಮಿನಿವ್ಯಾನ್ ತಂದಿತು. ಇಲ್ಲಿ ಗಮನಿಸಬೇಕಾದದ್ದು ಇಷ್ಟೇ: ಎರಡೂ ಕಂಪನಿಗಳು ಹೊಸ ಕಾರ್ಖಾನೆ ಕಟ್ಟಲಿಲ್ಲ, ಹೊಸ ಎಂಜಿನ್ ಕನಸು ಕಾಣಲಿಲ್ಲ. ಕೈಯಲ್ಲಿದ್ದ ಭಾಗಗಳನ್ನು ಜನರ ಬದುಕಿನ ಒಂದು ಅಗತ್ಯಕ್ಕೆ ಹೊಂದಿಸಿದವು. ಸೋಲುತ್ತಿರುವ ಕಂಪನಿಗೆ ಎಟಕುವ ದಾರಿ ಇದೇ ಎಂದು ನಾನು ಬಲವಾಗಿ ನಂಬಿದ್ದೇನೆ.

ತಪ್ಪು ಕಲ್ಪನೆ: ಹೆಚ್ಚು ಮಾದರಿ, ಹೆಚ್ಚು ಮಾರಾಟ, ಹೆಚ್ಚು ಲಾಭ

ಕಾರ್ಲೋಸ್ ಗೋನ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ, 2011ರಲ್ಲಿ, ಜಗತ್ತಿನ ಕಾರು ಮಾರುಕಟ್ಟೆಯ ಶೇ 8ರಷ್ಟು ಪಾಲು ಹಿಡಿಯಬೇಕೆಂದು ನಿಸಾನ್ ಗುರಿ ಹಾಕಿಕೊಂಡಿತು. ಅಮೆರಿಕದಲ್ಲಿ ರಿಯಾಯಿತಿಯ ಮೇಲೆ ರಿಯಾಯಿತಿ ಕೊಟ್ಟು, ಬಾಡಿಗೆ ಕಾರಿನ ಕಂಪನಿಗಳಿಗೆ ರಾಶಿ ರಾಶಿ ಮಾರಿ ಸಂಖ್ಯೆ ಏರಿಸಲಾಯಿತು. ಆ ಬಾಡಿಗೆ ಕಾರುಗಳು ಸ್ವಲ್ಪ ಕಾಲದಲ್ಲೇ ಸೆಕೆಂಡ್ ಹ್ಯಾಂಡ್ ಆಗಿ ಮಾರುಕಟ್ಟೆಗೆ ಮರಳುತ್ತವೆ. ಆಗ ಹಳೆಯ ಕಾರಿನ ಬೆಲೆ ಕುಸಿಯುತ್ತದೆ, ಹೊಸದನ್ನು ಪೂರ್ತಿ ಬೆಲೆಗೆ ಕೊಳ್ಳುವವರು ಹಿಂಜರಿಯುತ್ತಾರೆ, ಮತ್ತೆ ರಿಯಾಯಿತಿ ಕೊಡಬೇಕಾಗುತ್ತದೆ. ಹೊಸ ಮಾದರಿಗೆ ಹೋಗಬೇಕಾದ ಹಣ ಹೀಗೆ ಸೋರಿಹೋಗಿ ಶೋರೂಮಿನಲ್ಲಿ ಕಾರುಗಳಿಗೆ ವಯಸ್ಸಾಯಿತು.

ಈಗಿನ ಯೋಜನೆ ಆ ತಪ್ಪನ್ನು ತಿದ್ದಲು ಹೊರಟಿದೆ. ಚೀನಾ ಬಿಟ್ಟು ಉಳಿದ ಕಡೆ ವರ್ಷಕ್ಕೆ 35 ಲಕ್ಷ ಕಾರು ಮಾಡುವ ಸಾಮರ್ಥ್ಯವನ್ನು 25 ಲಕ್ಷಕ್ಕೆ ಇಳಿಸುವುದು, 13 ಬುನಾದಿಗಳನ್ನು 2035ರ ಹೊತ್ತಿಗೆ 7ಕ್ಕೆ ತರುವುದು, ಹೊಸ ಕಾರೊಂದನ್ನು 37 ತಿಂಗಳಲ್ಲಿ, ಅದೇ ಬುನಾದಿಯ ಮುಂದಿನ ಕಾರುಗಳನ್ನು 30 ತಿಂಗಳಲ್ಲಿ ಸಿದ್ಧಪಡಿಸುವುದು ಅದರ ಗುರಿಗಳು. ಕಾರ್ಖಾನೆ ಮುಚ್ಚುವ ನೋವು ನನಗೆ ಸಣ್ಣದಾಗಿ ಕಾಣುವುದಿಲ್ಲ. ಬೇಡದ ಕಾರು ಮಾಡುತ್ತ ಹೋಗಿ ಉಳಿದವರ ಕೆಲಸಕ್ಕೂ ಸಂಚಕಾರ ತರುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಇನ್ನೊಬ್ಬರೊಂದಿಗೆ ಸೇರಿ ಕಾರು ಮಾಡಿದರೆ ಮಾನ ಹೋಗುತ್ತದೆ ಎಂಬ ಭಾವನೆಯನ್ನೂ ಇಲ್ಲೇ ಬಿಡಬೇಕು. ಸುಜುಕಿ ಚಿಹ್ನೆ ಹೊತ್ತ ಗ್ರಾಂಡ್ ವಿಟಾರಾ ತಯಾರಾಗುತ್ತ ಬಂದಿರುವುದು ಟೊಯೊಟಾದ ಬಿಡದಿ ಕಾರ್ಖಾನೆಯಲ್ಲಿ. ಕೊಂಡವರು ಯಾರೂ ಅದಕ್ಕಾಗಿ ಮುಖ ತಿರುಗಿಸಲಿಲ್ಲ. ನಿಸಾನ್‌ನದೇ ಸಕುರಾ, 2022ರಲ್ಲಿ ಬಂದ ಪುಟ್ಟ ಎಲೆಕ್ಟ್ರಿಕ್ ಕಾರು, ಮಿತ್ಸುಬಿಷಿ ಜೊತೆ ರೂಪಿಸಿ ಅವರ ಮಿಜುಶಿಮಾ ಕಾರ್ಖಾನೆಯಲ್ಲೇ ತಯಾರಾಗುವಂಥದು. ಬ್ಯಾಟರಿ 20 ಕಿಲೋವ್ಯಾಟ್ ಅವರ್‌ನದು, ಒಂದು ಚಾರ್ಜಿಗೆ 180 ಕಿಲೋಮೀಟರ್. ಮಗುವನ್ನು ಶಾಲೆಗೆ ಬಿಟ್ಟು, ಸಾಮಾನು ತಂದು, ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕುವವರಿಗೆ ಅಷ್ಟು ಸಾಕು ಎಂದು ಲೆಕ್ಕ ಹಾಕಿ ಮಾಡಿದ್ದರಿಂದಲೇ ಅದು ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಎಲೆಕ್ಟ್ರಿಕ್ ಕಾರಾಯಿತು.

ಹಾಗಾದರೆ ಏನು ಮಾಡಬೇಕು?

ಎಲ್ಲ ದೇಶಕ್ಕೂ ಒಂದೇ ಕಾರು ಎಂಬ ಯೋಚನೆ ಬಿಡುವುದು ಮೊದಲ ಕೆಲಸ. ಜಪಾನಿಗೆ ಸಕುರಾ, ನೋಟ್‌ಗಳನ್ನು ಹಳತಾಗಲು ಬಿಡದೆ ನವೀಕರಿಸುತ್ತಿರಬೇಕು. ಒರಗಡಂ ಕಾರ್ಖಾನೆಯಲ್ಲಿನ ತನ್ನ ಪಾಲನ್ನು ರೆನೋಗೆ ಬಿಟ್ಟುಕೊಟ್ಟರೂ ಅಲ್ಲಿಂದ ಕಾರು ಮಾಡಿಸುವುದನ್ನು ನಿಸಾನ್ ಮುಂದುವರಿಸಿದೆ. ಮ್ಯಾಗ್ನೈಟ್ ಮೇಲಿನ ಹಂತಕ್ಕೆ ಟೆಕ್ಟಾನ್ ಎಂಬ ಎಸ್‌ಯುವಿಯನ್ನೂ ಪ್ರಕಟಿಸಿದೆ. ಈ ದಾರಿ ಸರಿಯಿದೆ. ಚೀನಾದಲ್ಲಿ 2018ರಲ್ಲಿ 15 ಲಕ್ಷ ದಾಟಿದ್ದ ಮಾರಾಟ 2024ರಲ್ಲಿ 7 ಲಕ್ಷದೊಳಕ್ಕೆ ಇಳಿದಾಗ, ಪಾಲುದಾರ ಕಂಪನಿ ಡೋಂಗ್‌ಫೆಂಗ್ ಜೊತೆ ಅಲ್ಲಿಯ ಎಂಜಿನಿಯರುಗಳ ಕೈಯಲ್ಲೇ ಎನ್7 ಎಂಬ ಎಲೆಕ್ಟ್ರಿಕ್ ಸೆಡಾನ್ ಮಾಡಿಸಿ 2025ರ ಏಪ್ರಿಲ್‌ನಲ್ಲಿ 1.2 ಲಕ್ಷ ಯುವಾನ್ ಆಸುಪಾಸಿನ ಆರಂಭಿಕ ಬೆಲೆಗೆ ತಂದಿತು. ಅಲ್ಲಿಯವರು ಅಲ್ಲಿಗಾಗಿ ಮಾಡಿದ ಕಾರಾದ್ದರಿಂದ ಅದಕ್ಕೆ ಬೇಡಿಕೆಯೂ ಬಂತು.

ಎಲ್ಲಕ್ಕಿಂತ ತುರ್ತಾದದ್ದು ಅಮೆರಿಕದ ರೋಗ್. ನಿಸಾನ್‌ಗೆ ಅಲ್ಲಿ ಹೆಚ್ಚು ಗ್ರಾಹಕರನ್ನು ತರುವ ಎಸ್‌ಯುವಿ ಅದು. ಹೆದ್ದಾರಿಗೆಂದು ತಿದ್ದಿದ ಮೂರನೇ ಪೀಳಿಗೆಯ ಇ-ಪವರ್ ಅದಕ್ಕೆ ಬರುವುದು 2026ರ ಹಣಕಾಸು ವರ್ಷದಲ್ಲಿ ಎಂದು ಕಂಪನಿ ಹೇಳಿದೆ. ಕೈಯಲ್ಲಿರುವ ಪ್ರತಿ ಯೆನ್, ಪ್ರತಿ ಎಂಜಿನಿಯರ್ ಮೊದಲು ಆ ಒಂದು ಕಾರಿಗೆ ಸಲ್ಲಬೇಕು. ಅದರ ನೇರ ಎದುರಾಳಿ ರಾವ್4 ಅನ್ನು ಟೊಯೊಟಾ 2026ರ ಮಾದರಿಯಿಂದ ಅಮೆರಿಕದಲ್ಲಿ ಹೈಬ್ರಿಡ್ ರೂಪದಲ್ಲಷ್ಟೇ ಮಾರುತ್ತಿದೆ.