ದನಿಯೇ ವೇಷ: ರೇಡಿಯೋ ಹಾಸ್ಯದ ಊರ ಮಂದಿ

ರೇಡಿಯೋ ಹಾಸ್ಯದ ಪಾತ್ರಕ್ಕೆ ಮೈಯಿಲ್ಲ. ದಪ್ಪ ಮೀಸೆ, ಸೊಟ್ಟ ಟೊಪ್ಪಿಗೆ, ಎಡವಿ ಬೀಳುವ ನಡಿಗೆ ಯಾವುದೂ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ದನಿ, ಮಾತಿನ ಧಾಟಿ, ಸಮಯ ಸಿಕ್ಕಾಗಲೆಲ್ಲ ಮರಳುವ ಒಂದು ಮಾತು, ಆಸಾಮಿ ಬರುವ ಮೊದಲೇ ಕೇಳುವ ಕೆಮ್ಮು ಇಷ್ಟರಿಂದಲೇ ಆ ಮನುಷ್ಯ ಕೇಳುಗರ ಮುಂದೆ ನಿಲ್ಲಬೇಕು. ಸಣ್ಣ ಊರುಗಳಲ್ಲಿ ಪ್ರತಿಯೊಬ್ಬರನ್ನೂ ದನಿಯಿಂದಲೇ ಗುರುತಿಸುವುದು ರೂಢಿ. ಆದ್ದರಿಂದ ಊರಿನ ವಿಚಿತ್ರ ಸ್ವಭಾವದವರು ರೇಡಿಯೋ ಹಾಸ್ಯಕ್ಕೆ ಬಹುಬೇಗ ಒಗ್ಗಿದರು.

ಅಮೆರಿಕದಲ್ಲಿ 1931ರಲ್ಲಿ ಶುರುವಾದ 'ಲಮ್ ಅಂಡ್ ಆಬ್ನರ್' ಪೈನ್ ರಿಡ್ಜ್ ಎಂಬ ಕಲ್ಪಿತ ಹಳ್ಳಿಯ ಇಬ್ಬರು ಮುದಿ ಅಂಗಡಿಕಾರರ ಕಥೆ. ಅದು ಎಷ್ಟು ಜನಪ್ರಿಯವಾಯಿತೆಂದರೆ ಅರ್ಕಾನ್ಸಾ ರಾಜ್ಯದ ವಾಟರ್ಸ್ ಎಂಬ ನಿಜವಾದ ಹಳ್ಳಿ 1936ರಲ್ಲಿ ತನ್ನ ಹೆಸರನ್ನೇ ಪೈನ್ ರಿಡ್ಜ್ ಎಂದು ಬದಲಿಸಿಕೊಂಡಿತು. ಪಾಲ್ ರೈಮರ್ ಬರೆದ 'ವಿಕ್ ಅಂಡ್ ಸೇಡ್' 1932ರಲ್ಲಿ ಬಂತು. ಒಂದು ಮನೆಯ ಮೂರು ನಾಲ್ಕು ಜನ ಕೂತು ಮಾತಾಡುವುದೇ ಅದರ ಕಥೆ. ಊರಿನ ತಿಕ್ಕಲು ಮಂದಿಯಲ್ಲಿ ಬಹುಪಾಲಿನವರ ದನಿ ಕೇಳುವುದೇ ಇಲ್ಲ; ಮನೆಯವರು ಆಡಿಕೊಳ್ಳುವ ಮಾತಿನಲ್ಲಷ್ಟೇ ಅವರು ಬದುಕಿದ್ದಾರೆ. ನಮ್ಮ ದೇಶದಲ್ಲಿ ಇದಕ್ಕೆ ಹೋಲುವುದು ಪಾಟ್ನಾ ಆಕಾಶವಾಣಿಯ 'ಲೋಹಾ ಸಿಂಗ್'. ರಾಮೇಶ್ವರ ಸಿಂಗ್ ಕಾಶ್ಯಪ್ ತಾವೇ ಬರೆದು ನಟಿಸಿದ ಆ ಸರಣಿಯ ನಾಯಕ ಪಲ್ಟನ್ನಿನಿಂದ ನಿವೃತ್ತನಾಗಿ ಬಂದವನು. ಹಿಂದಿ, ಭೋಜಪುರಿ, ಮುರುಕು ಇಂಗ್ಲಿಷ್ ಕಲಸಿ ಅವನಾಡುವ ಭಾಷೆಯೇ ಅವನ ಗುರುತು.

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸೂಗೂರು, ಮಸ್ಕಿ ಕಡೆಯ ಜನಕ್ಕೆ ಇಂಥ ಪಾತ್ರಗಳು ರೇಡಿಯೋ ಬರುವುದಕ್ಕೂ ಬಹಳ ಹಿಂದಿನಿಂದ ಪರಿಚಿತ. ಈ ಸೀಮೆಯ ಬಯಲಾಟದ ಸಾರಥಿ ರಂಗಕ್ಕೆ ಬಂದ ರಾಜನಿಗೂ ರಾಕ್ಷಸನಿಗೂ 'ನೀನು ಯಾರು, ಎಲ್ಲಿಂದ ಬಂದೆ' ಎಂದು ಕೇಳಬಲ್ಲವನು. ರಾಜ ಗ್ರಂಥದ ಭಾಷೆಯಲ್ಲಿ ಉತ್ತರ ಕೊಟ್ಟರೆ ಸಾರಥಿ ಆಡುಮಾತಿನಲ್ಲಿ ಮರುಪ್ರಶ್ನೆ ಹಾಕುತ್ತಾನೆ. ತೊಗಲುಗೊಂಬೆಯಾಟ ರೇಡಿಯೋಗೆ ಇನ್ನೂ ಹತ್ತಿರದ್ದು. ಅಲ್ಲಿ ಕಲಾವಿದರು ಪರದೆಯ ಹಿಂದೆ ಇರುತ್ತಾರೆ. ಒಬ್ಬರೇ ಹಲವು ಕಂಠಗಳಲ್ಲಿ ಮಾತಾಡುತ್ತಾರೆ. ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಜಗಳಗಂಟ ಗಂಡಹೆಂಡಿರು ರಾಮಾಯಣದ ನಡುವೆ ನುಗ್ಗಿ ನಗಿಸುವುದು ಆ ಕಂಠದ ಬಲದಿಂದಲೇ. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೆ ತಡವಾಗಿ ಸಂದ ಮರ್ಯಾದೆ.

ರೇಡಿಯೋ ಈ ತಾಲ್ಲೂಕುಗಳಿಗೆ ಸುತ್ತುದಾರಿಯಲ್ಲಿ ಬಂತು. ರಾಯಚೂರು ಜಿಲ್ಲೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿಯ ಡೆಕ್ಕನ್ ರೇಡಿಯೋದಲ್ಲಿ ಉರ್ದುವಿನದೇ ಮೇಲುಗೈ. 1950ರ ಜನವರಿ 8ರಂದು ಧಾರವಾಡ ಕೇಂದ್ರ ಶುರುವಾದ ಮೇಲೆ ಉತ್ತರ ಕರ್ನಾಟಕದ ಮಾತಿಗೆ ಗಾಳಿಯಲ್ಲಿ ಜಾಗ ಸಿಕ್ಕಿತು. ಅಲ್ಲಿ ದ.ರಾ. ಬೇಂದ್ರೆ ಸಾಹಿತ್ಯ ಸಲಹೆಗಾರರಾಗಿದ್ದರು. 'ಎನ್ಕೆ' ಎಂದೇ ಹೆಸರಾದ ಎನ್.ಕೆ. ಕುಲಕರ್ಣಿಯವರು ಬಾನುಲಿ ನಾಟಕಗಳನ್ನು ಬರೆದರು. 1966ರಲ್ಲಿ ಕಲಬುರಗಿ ಕೇಂದ್ರ ಬಂತು. ರಾಯಚೂರಿಗೆ ತನ್ನದೇ ಎಫ್‌ಎಂ ಕೇಂದ್ರ ಸಿಕ್ಕಿದ್ದು ಅದಕ್ಕೂ ಎಷ್ಟೋ ವರ್ಷದ ನಂತರ.

ಕನ್ನಡ ರೇಡಿಯೋದಲ್ಲಿ ಹಳ್ಳಿಯ ವಿಚಿತ್ರ ಮನುಷ್ಯ ಹೆಚ್ಚಾಗಿ ಹುಟ್ಟಿದ್ದು ಹಾಸ್ಯ ಕಾರ್ಯಕ್ರಮದಲ್ಲಲ್ಲ, ರೈತರ ಕಾರ್ಯಕ್ರಮದಲ್ಲಿ. ಇದು ಬಹಳ ಮುಖ್ಯವಾದ ಸಂಗತಿ. ಬೀಜೋಪಚಾರ, ಗೊಬ್ಬರದ ಪ್ರಮಾಣ, ಬ್ಯಾಂಕ್ ಸಾಲ ಇವನ್ನು ಅಧಿಕಾರಿಯೊಬ್ಬರು ಓದಿ ಹೇಳಿದರೆ ಕಟ್ಟೆಯ ಮೇಲೆ ಕೂತವರು ಎದ್ದು ಹೋಗುತ್ತಾರೆ. ಅದಕ್ಕಾಗಿ ಎಲ್ಲದಕ್ಕೂ ಅನುಮಾನ ಪಡುವ, ಅಡ್ಡ ಮಾತಾಡುವ ಒಬ್ಬ ಹಳ್ಳಿಗನನ್ನು ಎದುರು ಕೂರಿಸಿದರು. ಬೆಂಗಳೂರು ಕೇಂದ್ರದಲ್ಲಿ ಎ.ಎಸ್. ಮೂರ್ತಿ ಅಂಥ ಪಾತ್ರ ಮಾಡಿ 'ಆಕಾಶವಾಣಿ ಈರಣ್ಣ' ಎಂದೇ ಮನೆಮಾತಾದರು. ಅವರು ಬೀದಿನಾಟಕ ಕಟ್ಟಿದರು, ಅಭಿನಯ ತರಂಗ ಎಂಬ ರಂಗಶಾಲೆ ನಡೆಸಿದರು. ಆದರೂ 2012ರಲ್ಲಿ ತೀರಿಕೊಳ್ಳುವವರೆಗೆ ಈರಣ್ಣ ಎಂಬ ಹೆಸರು ಅವರನ್ನು ಬಿಡಲಿಲ್ಲ.

ಇಂಥ ಪಾತ್ರದ ಕೆಲಸ ಮೇಲ್ನೋಟಕ್ಕೆ ನಗಿಸುವುದು. ನಿಜವಾದ ಕೆಲಸ ರೈತ ನಾಚಿಕೆಯಿಂದ ಕೇಳಲಾರದ ಪ್ರಶ್ನೆಯನ್ನು ಅವನ ಪರವಾಗಿ ಕೇಳುವುದು. 'ಔಷಧ ಹೊಡದ್ರ ಹುಳ ಸಾಯ್ತಾವ ಅಂತೀರಿ, ಖರೇ. ದುಡ್ಡಿಲ್ದ ನಾವೇ ಸತ್ರ ಯಾರ್ನ ಕೇಳೂದ್ರಿ ಸಾಹೇಬ್ರ?' ಎಂಬ ಧಾಟಿಯ ಮಾತನ್ನು ರೈತ ಕಚೇರಿಯಲ್ಲಿ ಆಡಲಾರ. ಈ ಪಾತ್ರ ಆಡಬಲ್ಲದು. ಸಿಂಧನೂರಿನಂಥ ಕಡೆ ಈ ಪ್ರಶ್ನೆಗಳಿಗೆ ತೂಕ ಹೆಚ್ಚು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಎರಿಹೊಲದಲ್ಲಿ ಬಿಳಿಜೋಳ ಬೆಳೆಯುತ್ತಿದ್ದವರು ನೆಲ್ಲಿನ ಗದ್ದೆಯ ಬೇಸಾಯ ಹೊಸದಾಗಿ ಕಲಿಯಬೇಕಾಯಿತು. ಕಲಿಯುವವನು ತಪ್ಪು ಮಾಡುತ್ತಾನೆ. ಅವನ ತಪ್ಪನ್ನು ಮೊದಲು ತಾನು ಮಾಡಿ ತೋರಿಸುವ ಪಾತ್ರ ಅವನಿಗೆ ಬೇಕು.

ಮಾತಿನ ಸಂಪತ್ತಿನ ವಿಷಯದಲ್ಲಿ ಈ ಮೂರು ತಾಲ್ಲೂಕುಗಳಿಗೆ ಸಮನಾದ ಸೀಮೆ ಕರ್ನಾಟಕದಲ್ಲಿ ಕಡಿಮೆ. ಸಿಂಧನೂರಿನ ಸುತ್ತ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳೂ ಇವೆ. ಲಿಂಗಸೂಗೂರು ಒಂದು ಕಾಲಕ್ಕೆ ದಂಡಿನ ಊರು, ಜಿಲ್ಲಾ ಕೇಂದ್ರವೂ ಆಗಿತ್ತು. ಅದೇ ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ, ಮುದಗಲ್ಲಿನಲ್ಲಿ ಕೋಟೆ ಮತ್ತು ಹಿಂದೂಗಳೂ ಕೂಡಿ ಆಚರಿಸುವ ಮೊಹರಂ. ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಬಂಡೆಗಲ್ಲಿನ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಗಣಿಯ ಪಾಳಿ ಮುಗಿಸಿ ಬಂದವನು, ಕ್ಯಾಂಪಿನ ತೆಲುಗು ರೈತ, ಉರ್ದು ಬೆರೆಸಿ ಮಾತಾಡುವ ಹಳೆಯ ಪೊಲೀಸ್ ಪಾಟೀಲರು ಇವರೆಲ್ಲ ಸೇರುವ ಒಂದು ಚಹಾದಂಗಡಿ ಲೋಹಾ ಸಿಂಗ್‌ನ ಊರಿಗೆ ಏನೇನೂ ಕಡಿಮೆಯಲ್ಲ.

ಈ ಸೀಮೆಯ ನಗೆ ನಾಡಿನಾದ್ಯಂತ ಹರಡಿದ್ದು ಪುಸ್ತಕ ಮತ್ತು ಕ್ಯಾಸೆಟ್ಟಿನ ಮೂಲಕ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀchi, ಅಂದರೆ ರಾಯಸಂ ಭೀಮಸೇನರಾಯರು (1913–1980), ತಿಂಮ ಎಂಬ ಪಾತ್ರದಿಂದ ದಡ್ಡನಂತೆ ಮಾತಾಡಿಸಿ ಜಾಣರನ್ನು ಸಿಕ್ಕಿಸಿದರು. ಅವರನ್ನೇ ಗುರುವೆಂದು ನಂಬಿದ ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶರ ದನಿ ಕ್ಯಾಸೆಟ್ಟು, ಸಿ.ಡಿ.ಗಳಲ್ಲಿ ಮನೆಮನೆ ತಲುಪಿತು. ಅದನ್ನು ಕೇಳುತ್ತಿದ್ದವರಿಗೂ ಕಾಣುತ್ತಿದ್ದದ್ದು ಬರಿಯ ದನಿಯೇ. ಹಾಗಾಗಿ ಅದನ್ನು ರೇಡಿಯೋ ಹಾಸ್ಯದ ಮುಂದುವರಿಕೆ ಎಂದೇ ತಿಳಿಯಬೇಕು.

ಕಲಬುರಗಿ ಮತ್ತು ರಾಯಚೂರು ಆಕಾಶವಾಣಿ ಕೇಂದ್ರಗಳು ಇಂದಿಗೂ ಇವೆ, ಹೊಲದಲ್ಲಿ ಮೊಬೈಲಿನಲ್ಲಿ ರೇಡಿಯೋ ಕೇಳುವವರೂ ಇದ್ದಾರೆ. ಆ ಕೇಂದ್ರಗಳು ಸಿಂಧನೂರು, ಮಸ್ಕಿ, ಲಿಂಗಸೂಗೂರಿನ ಬರಹಗಾರರನ್ನೂ ಬಯಲಾಟದ ಸಾರಥಿಗಳನ್ನೂ ಕರೆದು, ಇಲ್ಲಿಯ ಮಾತಿನಲ್ಲೇ ಒಂದು ಹಾಸ್ಯ ಸರಣಿ ಬರೆಸಬೇಕು. ಸಾರಥಿಯ ಮಾತುಗಾರಿಕೆ ಬಲ್ಲ ಹಿರಿಯರು ಇರುವಾಗಲೇ ಆ ಕೆಲಸ ಆಗಬೇಕು.