ಆದೇಶದ ತತ್ತಿ, ಕಾಯ್ದೆಯ ಊಟ

ಕೊಪ್ಪಳ ತಾಲ್ಲೂಕಿನ ಇರಕಲ್ಲಗಡ ಹೋಬಳಿಯ ಸರ್ಕಾರಿ ಶಾಲೆಯೊಂದರ ಬಿಸಿಯೂಟದ ತಟ್ಟೆಯನ್ನು ಹತ್ತಿರದಿಂದ ನೋಡಿ. ಅನ್ನ, ಮೇಲೆ ಸಾಂಬಾರು, ಅಂಚಿನಲ್ಲಿ ಸಿಪ್ಪೆ ಸುಲಿದ ಒಂದು ತತ್ತಿ. ತತ್ತಿ ತಿನ್ನದ ಮಗುವಿಗೆ ಬಾಳೆಹಣ್ಣು. ಒಂದೇ ತಟ್ಟೆಯಲ್ಲಿದ್ದರೂ ಇವುಗಳ ಹಿಂದಿನ ಬಲ ಒಂದೇ ಅಲ್ಲ. ಅನ್ನ ಸಾಂಬಾರಿನ ಹಿಂದೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಇದೆ. ಆ ಕಾಯ್ದೆಯ ಅನುಸೂಚಿ ಕಿರಿಯ ಪ್ರಾಥಮಿಕ ಶಾಲೆಯ ಮಗುವಿಗೆ ಮಧ್ಯಾಹ್ನದ ಊಟದಲ್ಲಿ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, ಹಿರಿಯ ಪ್ರಾಥಮಿಕದ ಮಗುವಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ಇರಬೇಕೆಂದು ಅಂಕಿ ಹಾಕಿ ಹೇಳಿದೆ. ತತ್ತಿಯ ಹಿಂದೆ ಇರುವುದು ಇಲಾಖೆಯ ಆದೇಶ ಮತ್ತು ಒಂದು ಒಪ್ಪಂದ. ಮೊದಲನೆಯದನ್ನು ಯಾವ ಸರ್ಕಾರವೂ ಏಕಾಏಕಿ ಕಿತ್ತುಕೊಳ್ಳಲಾಗದು. ಎರಡನೆಯದನ್ನು ಒಂದು ಸುತ್ತೋಲೆ ನಿಲ್ಲಿಸಬಹುದು. ಈ ವ್ಯತ್ಯಾಸದ ಬಗ್ಗೆ ಮೊದಲು ದನಿ ಎತ್ತಬೇಕಾದವರು ಮಕ್ಕಳ ವೈದ್ಯರು. ಅವರು ವಿಧಾನಮಂಡಲದ ಬಾಗಿಲಿಗೆ ಹೋಗುವುದನ್ನು ತಮ್ಮ ಕಸುಬಿನ ಭಾಗವೆಂದು ಇನ್ನೂ ಎಣಿಸಿಲ್ಲ ಎಂಬುದು ನನ್ನ ತಕರಾರು.

ತತ್ತಿಯ ಕಥೆ ನಮ್ಮ ಜಿಲ್ಲೆಗೆ ಹೊಸದಲ್ಲ. ಡಿಸೆಂಬರ್ 2021ರಲ್ಲಿ ಸರ್ಕಾರ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದ್ದು ಏಳು ಜಿಲ್ಲೆಗಳಲ್ಲಿ: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯಪುರ. ಅಪೌಷ್ಟಿಕತೆ ಹೆಚ್ಚಿರುವುದು ಇಲ್ಲೇ ಎಂಬುದು ಕಾರಣ. ಕೆಲವು ಮಠಾಧೀಶರು ವಿರೋಧಿಸಿದರು, ಮೊಟ್ಟೆ ಕೊಟ್ಟರೆ ಶಾಲೆಗಳು ಮಿಲಿಟರಿ ಹೋಟೆಲುಗಳಾಗುತ್ತವೆ ಎಂಬ ಮಾತೂ ಕೇಳಿತು. ಆಗ ಗಂಗಾವತಿಯ ಸರ್ಕಾರಿ ಶಾಲೆಯ ಹುಡುಗಿಯೊಬ್ಬಳು ನಮಗೆ ಮೊಟ್ಟೆ ಬೇಕೇ ಬೇಕು, ಬೇಡವೆಂದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಆಡಿದ ಮಾತಿನ ವಿಡಿಯೊ ರಾಜ್ಯವಿಡೀ ಓಡಾಡಿತು. ಮಠ ಮಾತಾಡಿತು, ಮಂತ್ರಿ ಮಾತಾಡಿದರು, ಮಗು ಮಾತಾಡಿತು. ಆ ಗದ್ದಲದಲ್ಲಿ ಪೋಷಣೆಯ ಹಕ್ಕಿಗಾಗಿ ದುಡಿಯುವ ಕೆಲವು ಸಾರ್ವಜನಿಕ ಆರೋಗ್ಯ ವೈದ್ಯರು ಗಟ್ಟಿಯಾಗಿ ನಿಂತರು. ಆದರೆ ದಿನವೂ ಮಕ್ಕಳ ತೂಕ ನೋಡುವ ವೈದ್ಯರ ಸಂಘಟಿತ ದನಿ ಅಷ್ಟು ಜೋರಾಗಿ ಕೇಳಿಬರಲಿಲ್ಲ.

ದನಿ ಎತ್ತಲು ಬೇಕಾದ ಪುರಾವೆಗೇನೂ ಕೊರತೆ ಇರಲಿಲ್ಲ. 2019-20ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ, ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಬೆಂಗಳೂರನ್ನೂ ಸೇರಿಸಿಕೊಂಡ ಸರಾಸರಿ ಇದು. ಮೊಟ್ಟೆ ಕೊಟ್ಟ ಮೇಲೆ ಗದುಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಒಂದು ಅಧ್ಯಯನ ಮಾಡಿತು. ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳ ಜೊತೆ ಹೋಲಿಸಿ ನೋಡಿತು. ಯಾದಗಿರಿಯ ಮಕ್ಕಳ ತೂಕ ಕೆಲವೇ ತಿಂಗಳಲ್ಲಿ ಹೆಚ್ಚು ಏರಿತ್ತು, ಎಂಟನೇ ತರಗತಿಯ ಹುಡುಗಿಯರಲ್ಲಿ ಅದು ಎದ್ದು ಕಾಣುವಂತಿತ್ತು. ಇನ್ನು ಕೆಲವೇ ವರ್ಷಗಳಲ್ಲಿ ಇವರಲ್ಲಿ ಹಲವರು ತಾಯಂದಿರಾಗುತ್ತಾರೆ, ಬಾಲ್ಯವಿವಾಹ ನಿಲ್ಲದ ನಮ್ಮಂಥ ಜಿಲ್ಲೆಯಲ್ಲಿ ಇನ್ನೂ ಬೇಗ. ಬಡಕಲು ತಾಯಿಗೆ ಕಡಿಮೆ ತೂಕದ ಕೂಸು ಹುಟ್ಟುವ ಸಂಭವ ಹೆಚ್ಚು ಎಂಬುದನ್ನು ಯಾವ ಮಕ್ಕಳ ವೈದ್ಯರಿಗೂ ಬಿಡಿಸಿ ಹೇಳಬೇಕಿಲ್ಲ.

ಆ ಪುರಾವೆ ಬಂದ ಮೇಲೂ 2022ರಲ್ಲಿ ಒಂದು ವಿಚಿತ್ರ ನಡೆಯಿತು. ರಾಷ್ಟ್ರೀಯ ಶಿಕ್ಷಣ ನೀತಿಗೆಂದು ರಾಜ್ಯ ಸರ್ಕಾರ ರಚಿಸಿದ ಸಮಿತಿಗಳಲ್ಲಿ ಆರೋಗ್ಯದ ಸಮಿತಿಗೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯರೊಬ್ಬರು ಅಧ್ಯಕ್ಷರಾಗಿದ್ದರು. ಮೊಟ್ಟೆ, ಮಾಂಸಗಳನ್ನು ನಿತ್ಯ ತಿಂದರೆ ಕೊಲೆಸ್ಟರಾಲ್ ಹೆಚ್ಚಿ ಜೀವನಶೈಲಿಯ ರೋಗಗಳು ಬರುತ್ತವೆ, ಆದ್ದರಿಂದ ಶಾಲೆಯ ಊಟದಲ್ಲಿ ಅವು ಬೇಡ ಎಂಬ ಧಾಟಿಯ ಮಾತು ಆ ವರದಿಯಲ್ಲಿತ್ತು. ಗುಳೆ ಹೋಗಿ ಬಂದ ಕೂಲಿಯವರ ಮಗುವಿಗೆ ಅತಿಪೋಷಣೆಯ ರೋಗದ ಭಯ! ಟೀಕೆ ಬಂತು, ಸರ್ಕಾರ ಮೊಟ್ಟೆ ನಿಲ್ಲಿಸಲಿಲ್ಲ, ರಾಜ್ಯದ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. 2023ರಲ್ಲಿ ಹತ್ತನೇ ತರಗತಿಯವರೆಗೆ ವಾರಕ್ಕೆ ಎರಡು ಮೊಟ್ಟೆ ಎಂದಾಯಿತು. 2024ರ ಸೆಪ್ಟೆಂಬರ್‌ನಿಂದ ವಾರಕ್ಕೆ ಆರು, ಅದರಲ್ಲಿ ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ್ದು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ದಾನ ದೊಡ್ಡದು, ಅದರ ಬಗ್ಗೆ ಕೊಂಕು ಆಡುವುದು ಕೃತಘ್ನತೆ. ಹಾಗಿದ್ದೂ ಒಂದು ರಾಜ್ಯದ ಮಕ್ಕಳ ಪ್ರೋಟೀನು ಮೂರು ವರ್ಷದ ಒಪ್ಪಂದಕ್ಕೆ ಜೋತುಬಿದ್ದಿದೆ ಎನ್ನುವುದು ಸಮಾಧಾನ ತರುವ ಸಂಗತಿಯಲ್ಲ.

ಆದೇಶ ಎಷ್ಟು ಹಗುರ ಎಂಬುದಕ್ಕೆ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರ ಹೋರಾಟಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ವಾಂತಿ ಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್ ದ್ರಾವಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರಬೇಕು. ಅದಕ್ಕಿಂತ ಹಲವು ಪಟ್ಟು ಸಕ್ಕರೆಯ ಪಾನೀಯಗಳು ಅದೇ ಹೆಸರು ಹೊತ್ತು ಔಷಧ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಇವನ್ನು ಕುಡಿದ ಮಗುವಿನ ಭೇದಿ ಇನ್ನಷ್ಟು ಹೆಚ್ಚಬಹುದು. ಅವರು ವರ್ಷಗಟ್ಟಲೆ ಪತ್ರ ಬರೆದು, ತೆಲಂಗಾಣ ಹೈಕೋರ್ಟಿಗೂ ಹೋದರು. ಏಪ್ರಿಲ್ 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬಾರದು ಎಂದಿತು. ಅದೇ ವರ್ಷ ಜುಲೈನಲ್ಲಿ, ಎಚ್ಚರಿಕೆಯ ಒಂದು ಸಾಲು ಅಚ್ಚು ಹಾಕಿದರೆ ಬಳಸಬಹುದು ಎಂದು ತಾನೇ ಸಡಿಲಿಸಿತು. ಮತ್ತೆ ಅದನ್ನು ಹಿಂಪಡೆದದ್ದು ಅಕ್ಟೋಬರ್ 2025ರಲ್ಲಿ. ಮೂರು ತಿಂಗಳಲ್ಲಿ ಜಾರಿಹೋದದ್ದನ್ನು ಮರಳಿ ಪಡೆಯಲು ಮೂರು ವರ್ಷ ಬೇಕಾಯಿತು. ಇದಕ್ಕೆ ಎದುರಾಗಿ 1992ರ ಶಿಶು ಹಾಲಿನ ಬದಲಿಗಳ ಕಾಯ್ದೆಯನ್ನು ನೋಡಿ. ಮುಂಬೈಯ ಡಾ. ಆರ್.ಕೆ. ಆನಂದ್, ದೆಹಲಿಯ ಡಾ. ಅರುಣ್ ಗುಪ್ತಾ ಅವರಂಥ ಮಕ್ಕಳ ವೈದ್ಯರು ಎದೆಹಾಲಿನ ಪರವಾಗಿ ವರ್ಷಾನುಗಟ್ಟಲೆ ದುಡಿದ ಕ್ಷೇತ್ರ ಅದು. ಡಬ್ಬಿ ಹಾಲಿನ ಜಾಹೀರಾತು ನಿಂತಿತು. 2003ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಮಾಡಿತು: ಕಂಪನಿಗಳು ವೈದ್ಯರ ಸಂಘಗಳ ಸಮ್ಮೇಳನಕ್ಕೆ ಹಣ ಕೊಡುವುದಕ್ಕೂ ತಡೆ ಬಿತ್ತು. ಕಂಪನಿಗಳು ಇಂದಿಗೂ ಸಂದು ಹುಡುಕುತ್ತವೆ, ಆದರೆ ಮೂವತ್ತು ವರ್ಷಗಳಲ್ಲಿ ಅದನ್ನು ಯಾವ ಸುತ್ತೋಲೆಯೂ ಅಳಿಸಿಲ್ಲ.

ವೈದ್ಯರಿಗೆ ರಾಜಕೀಯವೇಕೆ, ರೋಗಿಯನ್ನು ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ನಮ್ಮ ವೈದ್ಯರೇ ನವೆಂಬರ್ 2017ರಲ್ಲಿ ಉತ್ತರ ಕೊಟ್ಟಾಗಿದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳನ್ನು ನಿಯಂತ್ರಿಸುವ ಕಾಯ್ದೆಗೆ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ತರಲು ಹೊರಟಾಗ ರಾಜ್ಯದ ಖಾಸಗಿ ವೈದ್ಯರು ಹೊರರೋಗಿ ವಿಭಾಗ ಮುಚ್ಚಿ, ಅಧಿವೇಶನ ನಡೆಯುತ್ತಿದ್ದ ಬೆಳಗಾವಿಗೆ ಸಾವಿರಾರು ಸಂಖ್ಯೆಯಲ್ಲಿ ಹೋದರು. ಮಸೂದೆ ಮೆತ್ತಗಾಯಿತು. ಆ ಮಸೂದೆಯ ಸರಿತಪ್ಪು ಬೇರೆ ಚರ್ಚೆ. ಸುವರ್ಣ ವಿಧಾನಸೌಧದ ದಾರಿ ವೈದ್ಯರಿಗೆ ಗೊತ್ತಿದೆ ಎಂಬುದಷ್ಟೇ ಇಲ್ಲಿ ಮುಖ್ಯ. ತಮ್ಮ ಕ್ಲಿನಿಕ್ಕಿನ ನಿಯಮಕ್ಕಾಗಿ ಹೋದವರು ತಮ್ಮ ರೋಗಿಯ ಊಟಕ್ಕಾಗಿ ಹೋದರೆ ಅದು ಮಾತ್ರ ರಾಜಕೀಯ ಹೇಗಾದೀತು? ಅಮೆರಿಕದಲ್ಲಿ ಈ ಎರಡು ಹಿತಗಳ ಜಗಳವೇ ಒಂದು ಸಂಸ್ಥೆಯ ಹುಟ್ಟಿಗೆ ದಾರಿ ಮಾಡಿತು. ತಾಯಿ ಮಕ್ಕಳ ಆರೋಗ್ಯಕ್ಕೆ ಸರ್ಕಾರಿ ಹಣ ಒದಗಿಸಿದ 1921ರ ಕಾಯ್ದೆಯನ್ನು ಅಲ್ಲಿನ ವೈದ್ಯರ ಮಹಾಸಂಘ ವಿರೋಧಿಸಿತು, ಅದರೊಳಗಿನ ಮಕ್ಕಳ ವೈದ್ಯರ ವಿಭಾಗ ಬೆಂಬಲಿಸಿತು. ಆ ಒಡಕು ಬೆಳೆದು 1930ರಲ್ಲಿ ಮಕ್ಕಳ ವೈದ್ಯರ ಪ್ರತ್ಯೇಕ ಅಕಾಡೆಮಿ ಹುಟ್ಟಿತು.

ರಾಜ್ಯ ಶಾಸನಸಭೆಯ ಮಟ್ಟದಲ್ಲಿ ಒಬ್ಬ ವೈದ್ಯ ಏನು ಮಾಡಬಹುದೆಂಬುದಕ್ಕೂ ಅಲ್ಲಿಂದಲೇ ಒಂದು ಉದಾಹರಣೆ ಇದೆ. ಟೆನೆಸ್ಸಿ ರಾಜ್ಯದ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್, ಕಾರಿನಲ್ಲಿ ಮಕ್ಕಳಿಗೆ ಸುರಕ್ಷಾ ಆಸನ ಕಡ್ಡಾಯವಾಗಬೇಕೆಂದು ಶಾಸಕರ ಬೆನ್ನುಬಿದ್ದರು. 1977ರಲ್ಲಿ ಕಾಯ್ದೆಯೇನೋ ಬಂತು, ಆದರೆ ಮಗುವನ್ನು ತೋಳಲ್ಲಿ ಹಿಡಿದು ಕೂತರೂ ಸಾಕು ಎಂಬ ವಿನಾಯಿತಿಯೊಂದು ಒಳಗೆ ನುಸುಳಿತ್ತು. ಅಪಘಾತದಲ್ಲಿ ದೊಡ್ಡವರ ಮೈಭಾರಕ್ಕೇ ಕೂಸು ಅಪ್ಪಚ್ಚಿಯಾಗುತ್ತದೆ ಎಂದು ವಾದಿಸಿ, 1981ರಲ್ಲಿ ಅದನ್ನೂ ತೆಗೆಸಿದರು. 1985ರ ಹೊತ್ತಿಗೆ ಆ ದೇಶದ ಎಲ್ಲ ರಾಜ್ಯಗಳಲ್ಲೂ ಇಂಥ ಕಾಯ್ದೆ ಇತ್ತು. ಭಾಷಣಕ್ಕಿಂತ ಕಾಯ್ದೆಯ ಒಂದು ವಿನಾಯಿತಿಯ ಹಿಂದೆ ನಾಲ್ಕು ವರ್ಷ ಬೀಳುವ ಹಟ ನನಗೆ ಇಲ್ಲಿ ದೊಡ್ಡದಾಗಿ ಕಾಣುತ್ತದೆ.

ನಮ್ಮಲ್ಲಿ ತತ್ತಿಗಾಗಿ ರಾಜ್ಯವೇ ಒಂದು ಕಾಯ್ದೆ ಮಾಡಲು ಅವಕಾಶ ಇದೆಯೇ? ಧಾರಾಳವಾಗಿದೆ. ಸಾರ್ವಜನಿಕ ಆರೋಗ್ಯ ಸಂವಿಧಾನದ ರಾಜ್ಯ ಪಟ್ಟಿಯಲ್ಲಿದೆ. ಆಹಾರ ಭದ್ರತಾ ಕಾಯ್ದೆಯ 32ನೇ ಕಲಮು ರಾಜ್ಯಗಳು ತಮ್ಮ ಬೊಕ್ಕಸದಿಂದ ಹೆಚ್ಚಿನ ಸೌಲಭ್ಯ ಕೊಡಲು ಅಡ್ಡಿಯಿಲ್ಲ ಎನ್ನುತ್ತದೆ. ಕೇಂದ್ರದ ಕಾಯ್ದೆ ಬರುವ ಮೊದಲೇ, 2012ರಲ್ಲಿ, ಛತ್ತೀಸಗಡ ತನ್ನದೇ ಆಹಾರ ಭದ್ರತಾ ಕಾಯ್ದೆ ಮಾಡಿಕೊಂಡಿತ್ತು. ಬಿಸಿಯೂಟವೇ ನಡೆದುಬಂದ ದಾರಿಯೂ ಅದೇ: 2001ರಲ್ಲಿ ಸುಪ್ರೀಂ ಕೋರ್ಟಿನ ಆದೇಶ, 2013ರಲ್ಲಿ ಕಾಯ್ದೆ. ಆದೇಶವಾಗಿ ಹುಟ್ಟಿದ್ದು ಕಾಯ್ದೆಯಾಗಿ ಬಲಿಯಿತು. ತತ್ತಿ ಇನ್ನೂ ಆ ಎರಡನೇ ಹೆಜ್ಜೆ ಇಟ್ಟಿಲ್ಲ.

ಕಾಯ್ದೆ ಮಾಡಿದರೆ ಏನು ಬಂತು, ಕಡತದಲ್ಲೇ ಕೊಳೆಯುತ್ತದೆ ಎಂಬ ಆಕ್ಷೇಪಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಸಿಗುತ್ತದೆ. ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ಕರ್ನಾಟಕ 2016ರಲ್ಲಿ ತಿದ್ದುಪಡಿ ಮಾಡಿತು, ಮದುವೆಗಳು ನಿಲ್ಲಲಿಲ್ಲ. ಒಪ್ಪತಕ್ಕ ಮಾತು. ಮನೆಯೊಳಗಿನ ರೂಢಿಯನ್ನು ತಡೆಯಬೇಕಾದ ಕಾಯ್ದೆಗೂ ಸರ್ಕಾರವೇ ಕೊಡಬೇಕಾದ್ದನ್ನು ಕೊಡಿಸುವ ಕಾಯ್ದೆಗೂ ಅಂತರ ಇದೆ ಎಂಬುದನ್ನಷ್ಟೇ ಸೇರಿಸುತ್ತೇನೆ. ಎರಡನೆಯ ಬಗೆಯಲ್ಲಿ ತಪ್ಪಿದವರು ಯಾರೆಂಬುದು ಸ್ಪಷ್ಟ. ಊಟ ಕೊಡಲಾಗದಿದ್ದರೆ ಆಹಾರ ಭದ್ರತಾ ಭತ್ಯೆ ಕೊಡಬೇಕು ಎನ್ನುತ್ತದೆ ಕಾಯ್ದೆ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದಾಗ ತಡವಾಗಿಯಾದರೂ ಅಕ್ಕಿ ಬೇಳೆ ಮಕ್ಕಳ ಮನೆಗೆ ಬಂದದ್ದರ ಹಿಂದೆ ಆ ಕಲಮು ಇತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ತಮಿಳುನಾಡಿನಿಂದ ಬರುತ್ತದೆ. ಅಲ್ಲಿ ವರ್ಷಗಳಿಂದ ಶಾಲಾ ದಿನಗಳಲ್ಲಿ ಮೊಟ್ಟೆ ಇದೆ, ಅದಕ್ಕೆಂದೇ ಪ್ರತ್ಯೇಕ ಕಾಯ್ದೆಯೇನೂ ಇಲ್ಲ, ಆದರೂ ಯಾರೂ ಕೈಹಚ್ಚುವುದಿಲ್ಲ. ನಿಜ. ಅಲ್ಲಿ ಎರಡು ಪಕ್ಷಗಳು ಮಕ್ಕಳ ಊಟದಲ್ಲಿ ಪೈಪೋಟಿಗೆ ಬಿದ್ದು ಅದನ್ನು ಮುಟ್ಟಲಾಗದ ಸ್ಥಿತಿಗೆ ತಂದಿವೆ. ಕರ್ನಾಟಕದಲ್ಲಿ ಪೈಪೋಟಿ ಕೊಡುವುದರಲ್ಲಿ ಎಷ್ಟಿದೆಯೋ ಬೇಡವೆನ್ನುವುದರಲ್ಲೂ ಅಷ್ಟೇ ಇದೆ. ರಾಜಕೀಯ ಒಮ್ಮತ ಇರುವಲ್ಲಿ ಕಾಯ್ದೆ ಇಲ್ಲದೆಯೂ ನಡೆದೀತು, ಇಲ್ಲದಲ್ಲಿ ಅದರ ಆಸರೆ ಬೇಕು.

ಇನ್ನು ನಂಬಿಕೆಯ ಪ್ರಶ್ನೆ. ಯಾವ ಮಗುವಿಗೂ ಒತ್ತಾಯದಿಂದ ಮೊಟ್ಟೆ ತಿನ್ನಿಸುವಂತಿಲ್ಲ, ಕಾಯ್ದೆಯಲ್ಲೇ ಅದು ಬರೆದಿರಬೇಕು. ಆದರೆ ಬದಲಿ ಎಂದು ಕೊಡುವುದು ನಿಜಕ್ಕೂ ಬದಲಿಯೇ ಎಂದು ಕೇಳಬೇಕಾದವರು ವೈದ್ಯರು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಸಸ್ಯಾಹಾರಿ ಮನೆಯ ಮಗುವಿಗೆ ಬಾಳೆಹಣ್ಣು ಕೊಟ್ಟು ಕೈತೊಳೆದುಕೊಂಡರೆ ಅನ್ಯಾಯವಾಗುವುದು ಆ ಮಗುವಿಗೇ. ಚಿಕ್ಕಿ ಎಷ್ಟು ಗ್ರಾಂ, ಹಾಲು ಎಷ್ಟು ಮಿಲಿಲೀಟರ್, ಕಾಳು ಎಷ್ಟು ಎಂದು ಅನುಸೂಚಿಯಲ್ಲಿ ಬರೆಯಬೇಕಾದವರು ಮಠಾಧೀಶರೂ ಅಲ್ಲ, ಶಾಸಕರೂ ಅಲ್ಲ.

ಶಾಲೆಗಿಂತ ಕೆಳಗಿನ ಮೆಟ್ಟಿಲು ಅಂಗನವಾಡಿ. ಅಲ್ಲಿ ಕಾರ್ಯಕರ್ತೆ ಮಗುವಿನ ಎಡ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುತ್ತಾಳೆ. 12.5 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಹಸಿರು, 11.5ಕ್ಕಿಂತ ಕಡಿಮೆಯಾದರೆ ಕೆಂಪು. ನಡುವಿನದು ಹಳದಿ. ಕೆಂಪು ಬಂದ ಮಗುವನ್ನು, ತೊಡಕು ಕಂಡರೆ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು, ತಾಯಿ ಎರಡು ವಾರದ ಮಟ್ಟಿಗೆ ಜೊತೆಗಿರಬೇಕು. ಕೂಲಿ ನಷ್ಟಕ್ಕೆ ಅಷ್ಟಿಷ್ಟು ಪರಿಹಾರ ಉಂಟು. ಮನೆಯಲ್ಲಿ ಇನ್ನೆರಡು ಮಕ್ಕಳು, ಹೊಲದಲ್ಲಿ ಕಳೆ ಕೀಳುವ ಹೊತ್ತು, ಇಲ್ಲವೇ ಗುಳೆ ಹೊರಡುವ ತಿಂಗಳಾದರೆ ಇರಕಲ್ಲಗಡದ ಕಡೆಯ ತಾಯಿ ಕೊಪ್ಪಳದ ಆಸ್ಪತ್ರೆಯಲ್ಲಿ ಅಷ್ಟು ದಿನ ಕೂರುವುದು ಕಷ್ಟ. ಅರ್ಧಕ್ಕೇ ಎದ್ದು ಹೋದವಳನ್ನು ಬೈದು ಪ್ರಯೋಜನವಿಲ್ಲ. ಅವಳ ಕೂಲಿ ಪೂರ್ತಿ ಸಿಗಬೇಕು, ಗುಳೆ ಹೋದ ಊರಿನ ಅಂಗನವಾಡಿಯಲ್ಲೂ ಮಗುವಿನ ಹೆಸರು ನಡೆಯಬೇಕು ಎಂಬುದು ಚಿಕಿತ್ಸೆಯ ಚೀಟಿಯಲ್ಲಿ ಬರೆಯಲಾಗದ, ಕಾಯ್ದೆಯಲ್ಲಷ್ಟೇ ಬರೆಯಬಹುದಾದ ಔಷಧ.

ಸರ್ಕಾರಿ ವೈದ್ಯರಿಗೆ ನಡತೆ ನಿಯಮಗಳ ಅಂಜಿಕೆ ಇದ್ದೀತು. ಬೀದಿಗಿಳಿಯಲು ಯಾರೂ ಕೇಳುತ್ತಿಲ್ಲ. ವಿಧಾನಮಂಡಲಕ್ಕೆ ಮಹಿಳೆಯರು ಮತ್ತು ಮಕ್ಕಳ ಕಲ್ಯಾಣದ್ದೇ ಒಂದು ಸಮಿತಿ ಇದೆ. ಅದು ಕರೆದರೆ ಕೊಪ್ಪಳ ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗದವರು ಹೋಗಿ ಅಂಕಿಅಂಶ ಇಡುವುದಕ್ಕೆ ಯಾವ ನಿಯಮವೂ ಅಡ್ಡ ಬರಲಾರದು. ಕರೆಯುವಂತೆ ಮಾಡಲು ಖಾಸಗಿ ವೈದ್ಯರಿದ್ದಾರೆ, 1963ರಿಂದ ಇರುವ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಇದೆ. ಮಕ್ಕಳ ಕುರುಕಲು ತಿಂಡಿ, ಸಕ್ಕರೆ ಪಾನೀಯಗಳ ಬಗ್ಗೆ ಈ ಅಕಾಡೆಮಿ 2019ರಲ್ಲಿ ಒಳ್ಳೆಯ ಮಾರ್ಗಸೂಚಿ ಹೊರಡಿಸಿತ್ತು. ಅದನ್ನು ಹೆಚ್ಚಾಗಿ ಓದಿದವರು ವೈದ್ಯರೇ ಎಂಬುದು ನನ್ನ ಗುಮಾನಿ. ತೂಕ, ಎತ್ತರದ ಲೆಕ್ಕವೂ ಹೊಸದಾಗಿ ಹುಟ್ಟಬೇಕಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆ, ಅಂಗನವಾಡಿಗಳಿಗೆ ಹೋಗಿ ಬರೆದುಕೊಂಡು ಬರುತ್ತಲೇ ಇವೆ. ಮೊಟ್ಟೆ ವಾರಕ್ಕೆ ಎರಡಿದ್ದಾಗಿನ ಅಂಕಿ, ಆರಾದ ಮೇಲಿನ ಅಂಕಿ ಎರಡನ್ನೂ ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳ ಎಂದು ತಾಲ್ಲೂಕುವಾರು ಜೋಡಿಸಿ ಸಮಿತಿಯ ಮೇಜಿಗೆ ತಲುಪಿಸುವುದು ಒಂದು ವರ್ಷದೊಳಗೆ ಆಗಬಹುದಾದ ಕೆಲಸ. ಪ್ರತಿಷ್ಠಾನದ ಜೊತೆಗಿನ ಮೂರು ವರ್ಷದ ಒಪ್ಪಂದದ ಲೆಕ್ಕ 2027ಕ್ಕೆ ಮುಗಿಯುತ್ತದೆ.