ಮರೆವೋ, ಗಾಬರಿಯೋ?

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯು ಮರೆವಿನ ಹೊಣೆಯನ್ನೆಲ್ಲ ವಯಸ್ಸಿನ ಮೇಲೆಯೇ ಹೊರಿಸುತ್ತದೆ. ಈ ಲೆಕ್ಕದಲ್ಲಿ ಒಂದು ಮುಖ್ಯ ಬಾಬು ಬಿಟ್ಟುಹೋಗಿದೆ.

ಅದರ ಹೆಸರು ಕಾರ್ಟಿಸೋಲ್. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಒತ್ತಡದ ಹೊತ್ತಿನಲ್ಲಿ ಈ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತವೆ. ಹೊಸ ನೆನಪುಗಳನ್ನು ರೂಪಿಸುವ ಮಿದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ ಇದರ ಗ್ರಾಹಕಗಳು ದಟ್ಟವಾಗಿವೆ. ಸ್ರಾವಕ್ಕೆ ಕಡಿವಾಣ ಹಾಕುವುದರಲ್ಲಿಯೂ ಅದೇ ಭಾಗದ ಪಾತ್ರವಿದೆ. ಅದು ದುರ್ಬಲವಾದರೆ ಕಡಿವಾಣ ಸಡಿಲಗೊಂಡು ಕಾರ್ಟಿಸೋಲ್ ಇನ್ನಷ್ಟು ಏರಬಹುದೆಂಬ ವಾದವನ್ನು 1986ರಲ್ಲಿ ರಾಬರ್ಟ್ ಸಪೋಲ್‌ಸ್ಕಿ ಮತ್ತು ಸಂಗಡಿಗರು ಮಂಡಿಸಿದರು. ಅರ್ಥಶಾಸ್ತ್ರ ಓದಿದ ನನಗೆ ಇದು ಬಡ್ಡಿ ತೀರಿಸಲು ಮತ್ತೆ ಸಾಲ ಮಾಡುವವನ ಸ್ಥಿತಿಯಂತೆ ಕಾಣುತ್ತದೆ.

ಮಾಂಟ್ರಿಯಲ್‌ನ ಸೋನಿಯಾ ಲುಪಿಯೆನ್ ಮತ್ತು ಸಹೋದ್ಯೋಗಿಗಳು ಕೆಲವು ವೃದ್ಧರನ್ನು ಹಲವು ವರ್ಷ ಗಮನಿಸಿ, 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾರ್ಟಿಸೋಲ್ ವರ್ಷದಿಂದ ವರ್ಷಕ್ಕೆ ಏರಿ ಅಧಿಕವಾಗಿಯೇ ಉಳಿದವರ ಹಿಪೊಕ್ಯಾಂಪಸ್, ಅದು ಇಳಿಮುಖವಾಗಿದ್ದವರದಕ್ಕಿಂತ ಶೇ 14ರಷ್ಟು ಚಿಕ್ಕದಾಗಿತ್ತು. ನೆನಪಿನ ಪರೀಕ್ಷೆಗಳಲ್ಲಿಯೂ ಅವರು ಹಿಂದೆ ಬಿದ್ದರು. ಮಿದುಳನ್ನು ಅಳೆದದ್ದು ಕೆಲವೇ ಜನರಲ್ಲಿ. ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಇದರಿಂದಲೇ ಇತ್ಯರ್ಥವಾಗದು. ಆದರೆ ವಯಸ್ಸಾದವರೆಲ್ಲರಲ್ಲಿ ಕಾರ್ಟಿಸೋಲ್ ಏರಲಿಲ್ಲ ಎಂಬುದೇ ನನಗೆ ಮುಖ್ಯವೆನಿಸಿತು.

ಇದಕ್ಕಿಂತ ಕುತೂಹಲಕರವಾದದ್ದು ಲುಪಿಯೆನ್ ಅವರೂ ಸೇರಿದ್ದ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನ. ಅಪರಿಚಿತ ಸ್ಥಳದಲ್ಲಿ, ಮಧ್ಯಾಹ್ನದ ಹೊತ್ತು ಪರೀಕ್ಷೆಗೆ ಕೂರಿಸಿದಾಗ ವೃದ್ಧರ ಕಾರ್ಟಿಸೋಲ್ ಹೆಚ್ಚಿತ್ತು, ನೆನಪು ಕುಗ್ಗಿತ್ತು. ಅನುಕೂಲಕರ ವಾತಾವರಣದಲ್ಲಿ ಪರೀಕ್ಷಿಸಿದ ವೃದ್ಧರು ಚೆನ್ನಾಗಿಯೇ ನೆನಪಿಸಿಕೊಂಡರು. ಯುವಜನರಿಗೆ ಈ ವ್ಯತ್ಯಾಸ ತಟ್ಟಲಿಲ್ಲ. ಅಂದರೆ, ನಾವು ಅಳೆಯುವ ಮರೆವಿನಲ್ಲಿ ಒಂದು ಪಾಲು ಅಳೆಯುವ ಕ್ರಮದಿಂದಲೇ ಹುಟ್ಟಿದ್ದು.

ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಸಲ್ಲಿಸಲು ಬ್ಯಾಂಕುಗಳಲ್ಲಿ ಸಾಲುಗಟ್ಟುವುದನ್ನು ನೋಡುತ್ತೇನೆ. ಸವೆದ ಬೆರಳಚ್ಚನ್ನು ಯಂತ್ರ ಒಪ್ಪುವುದಿಲ್ಲ, ಹಿಂದಿರುವವರು ಅವಸರಿಸುತ್ತಾರೆ, ಗುಮಾಸ್ತರು ಮೊಬೈಲ್ ಸಂಖ್ಯೆ ಕೇಳುತ್ತಾರೆ. ಮೂವತ್ತು ವರ್ಷ ಕಡತಗಳ ಸಂಖ್ಯೆಯನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದವರು ತಡವರಿಸುತ್ತಾರೆ. ಜೊತೆಗೆ ಬಂದ ಮಗ ಅಂದೇ ಸಂಜೆ ಅವರನ್ನು ವೈದ್ಯರ ಬಳಿ ಕರೆದೊಯ್ಯಲು ನಿರ್ಧರಿಸುತ್ತಾನೆ. ಅದು ತಪ್ಪಲ್ಲ, ನಿಜವಾದ ಡಿಮೆನ್ಷಿಯಾವನ್ನು ಬರಿಯ ಗಾಬರಿಯೆಂದು ತಳ್ಳಿಹಾಕುವುದು ಅಪಾಯಕರ. ಆದರೆ ಬ್ಯಾಂಕಿನ ಕೌಂಟರಿನಲ್ಲಿ ನಡೆದದ್ದನ್ನಷ್ಟೇ ಹೇಳಿ ಸುಮ್ಮನಾಗಬಾರದು. ಬೆಳಗಿನ ಕಾಫಿಯ ಹೊತ್ತಿನಲ್ಲಿ, ಮನೆಯ ನೆಮ್ಮದಿಯಲ್ಲಿ ಅವರ ನೆನಪು ಹೇಗಿದೆ, ಪರಿಚಿತ ದಾರಿಯಲ್ಲಿಯೂ ಅವರು ದಿಕ್ಕು ತಪ್ಪುತ್ತಿದ್ದಾರೆಯೇ ಎಂಬ ವಿವರಗಳನ್ನೂ ವೈದ್ಯರಿಗೆ ತಿಳಿಸಬೇಕು.